ದಿನ್ನಿಯಿಂದ ಬಂದ ಬಚ್ಚಲಗಲ್ಲು

ಆ ದಿನ ನಸುಕಿಗೆ ಎದ್ದು ಅಂಗಳ ಗುಡಿಸಿದೆ, ಎಮ್ಮೆ ಹಿಂಡಿದೆ, ಒಂದು ಮೊರ ತೊಗರಿ ಹಸನು ಮಾಡಿದೆ, ರೊಟ್ಟಿ ಬಡಿದೆ, ಅತ್ತೆಯ ಮುರಿದ ಕೈಗೆ ಪಟ್ಟಿ ಕಟ್ಟಿದೆ. ಹೊತ್ತು ಏರಿದ ಮೇಲೆ ಊರ ಹೊರಗಿನ ದಿನ್ನಿಗೆ ಹೋಗಿ ಸತ್ತವರ ಕ್ಷಮೆ ಕೇಳಿ ಬಂದೆ.

ಹತ್ತೊಂಬತ್ತುನೂರಾ ಎಂಬತ್ತರ ಆಸುಪಾಸಿನ ಮಾತು. ನಾವು ಯಡ್ರಾಮಿ ಕಡೆಯವರು. ನಮ್ಮ ಎರೆಹೊಲಗಳ ಮೇಲಿನ ಆ ದಿನ್ನಿಯಲ್ಲಿ ಯಾವುದೋ ಕಾಲದ ಜನ ತಮ್ಮವರನ್ನು ಮಣ್ಣು ಮಾಡಿ, ಮೇಲೆ ಕಲ್ಲು ಒಟ್ಟಿ, ಸುತ್ತ ದುಂಡಗೆ ಬಂಡೆ ನಿಲ್ಲಿಸಿದ್ದರು. ಕೆಳಗೆ ಊರಲ್ಲಿ ಬರೀ ಕರಿಮಣ್ಣು, ಒಂದು ಹಾಸುಗಲ್ಲು ಸಿಗುವುದೂ ಕಷ್ಟ. ನಮ್ಮ ಬಚ್ಚಲು ಸದಾ ಕೆಸರು. ಹಿಂದಿನ ಬೇಸಿಗೆಯಲ್ಲಿ ನಮ್ಮ ಮನೆಯವರು ದಿನ್ನಿಯಿಂದ ಒಂದು ಚಪ್ಪಟೆ ಬಂಡೆಯನ್ನು ಬಂಡಿಯಲ್ಲಿ ಹೇರಿಕೊಂಡು ಬಂದರು. ಬೇಡ, ಅದು ಗೋರಿಗಲ್ಲು ಅಂದೆ.

"ಸತ್ತವ್ರೇನ್ ಜಳಕ ಮಾಡ್ತಾರೇನ್ ಬೇ? ನಮಗರ ಆಗ್ಲಿ," ಅಂತ ನಕ್ಕರು. ಅತ್ತೆ ಅದರ ಮೇಲೆ ಕೂತು ಮಿಂದು ವರ್ಷವಿಡೀ ಮಗನನ್ನು ಹೊಗಳಿದರು.

ಆಮೇಲೆ ಜಾರಿ ಬಿದ್ದರು. ಪಾಚಿ ಕಟ್ಟಿತ್ತು, ಅಷ್ಟೇ. ಆದರೆ ಕೈ ಮುರಿದದ್ದು ಗೋರಿಗಲ್ಲಿನಿಂದ ಅಂತಾಯಿತು. ಇವರ ಅಣ್ಣ, ಅಂದರೆ ನನ್ನ ಭಾವ, ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ, ಈ ಕಲ್ಲು ಬರಲು ಯಾರು ಕಾರಣವೋ ಅವರೇ ದಿನ್ನಿಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು ಅಂದರು. ಓಣಿಯವರೂ ಬಾಗಿಲಲ್ಲಿ ನಿಂತಿದ್ದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಕಲ್ಲು ತಂದವನು ನಾನೇ ಅಂತ ಅವರು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಗನಿಗೆ ಯಾರು ಏನು ಅನ್ನುತ್ತಿದ್ದರು? ನನಗಾದರೆ ಅತ್ತೆಯ ಕೈ ಮುರಿದವಳು ಅನ್ನೋ ಹೆಸರು ಜನ್ಮಕ್ಕೆ ಅಂಟುತ್ತಿತ್ತು.

"ಇಕಿನೇ ಗಂಟು ಬಿದ್ದಿದ್ಲು, ಕಲ್ಲು ತರ್ರಿ ತರ್ರಿ ಅಂತ," ಅಂದರು ನಮ್ಮ ಮನೆಯವರು, ಎಲೆಗೆ ಸುಣ್ಣ ಹಚ್ಚುತ್ತ.

"ಯಾಕ್ ಬೇ, ನಿನ್ನ ತವರಾಗ ಹಾಲುಗಲ್ಲಿನ ಬಚ್ಚಲ ಇತ್ತೇನು?" ಭಾವನ ಹೆಂಡತಿ, ನನ್ನ ನೆಗೆಣ್ಣಿ ಕೇಳಿದಳು. ಜನ ನಕ್ಕರು. ನಮ್ಮ ಮನೆಯವರೂ ನಕ್ಕರು.

ಕಲ್ಲು ಹೇರಿದ ಬಂಡಿ ಹೊಡೆದುಕೊಂಡು ಅವರು ಮುಂದೆ, ಕಾಯಿ ಊದಿನಕಡ್ಡಿ ಹಿಡಿದು ನಾನು ಹಿಂದೆ. ದಿನ್ನಿಯ ಮೇಲೆ ನೋಡಿದರೆ ಬಂಡೆ ಕಿತ್ತ ಕುಣಿಗಳು ಎಷ್ಟೋ. ಭಾವನ ಹೊಸ್ತಿಲು, ಓಣಿಯವರ ಬಟ್ಟೆ ಒಗೆಯೋ ಕಲ್ಲು, ಎಲ್ಲ ಅಲ್ಲಿಯವೇ. ಅವುಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಯಾರ ಗೋರಿಯೋ ಏನೋ, ತಪ್ಪಾತ್ರಿ ಅಂದು ಕಾಯಿ ಒಡೆದೆ. ಕಲ್ಲನ್ನು ಅವರು ಅದರ ಕುಣಿಗೂ ಇಳಿಸಲಿಲ್ಲ. ಮಗ್ಗುಲಿಗೆ ಉರುಳಿಸಿ ಎತ್ತು ತಿರುಗಿಸಿದರು.

ಸಂಜೆ ರೊಟ್ಟಿ, ಪುಂಡಿಪಲ್ಲೆ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಅತ್ತೆಗೆ ನಾನೇ ತುತ್ತು ಮಾಡಿ ತಿನ್ನಿಸಿದೆ. ನಮ್ಮ ಮನೆಯವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು, ಹಿಂಡಿ ಚಲೋ ಆಗೇದ ಅಂದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರೂ ಅವರೇ.