ಮೆಕ್ಕೆಜೋಳದ ನಡುವಿನ ಏರ್‌ಪೋರ್ಟು

ನಮ್ಮ ದಾವಣಗೆರೆಯ ವಿಮಾನ ನಿಲ್ದಾಣವೆಂದರೆ ನನಗೆ ಬಹಳ ಅಭಿಮಾನ. ಅದಿನ್ನೂ ಆಗಿಲ್ಲ ಎಂಬುದೊಂದು ಸಣ್ಣ ಕೊರತೆ, ಅಷ್ಟೆ. ಇತಿಹಾಸಕ್ಕೇನೂ ಕೊರತೆಯಿಲ್ಲ. ನಾನು ಕಾಲೇಜಿನಲ್ಲಿದ್ದಾಗಲೇ "ಇನ್ನೇನು ಬಂದೇಬಿಡ್ತು" ಎನ್ನುತ್ತಿದ್ದರು. ಈಗ ನನ್ನ ತಲೆಗೂದಲು ಕೂಡ ರನ್‌ವೇಗೆ ಜಾಗ ಬಿಟ್ಟುಕೊಟ್ಟಾಗಿದೆ. ನಿಲ್ದಾಣ ಮಾತ್ರ ಇನ್ನೂ ಬರುತ್ತಲೇ ಇದೆ.

ಚುನಾವಣೆ ಹತ್ತಿರವಾದಾಗ ಯಾರೋ ಬಂದು ಹೊಲ ಅಳೆದು ಕಲ್ಲು ನೆಡುತ್ತಾರೆ. ಚುನಾವಣೆ ಮುಗಿದ ಮೇಲೆ ಆ ಕಲ್ಲಿಗೆ ಎಮ್ಮೆ ಕಟ್ಟುತ್ತಾರೆ. ಹರಿಹರದವರ ತಕರಾರೇ ಬೇರೆ: ಹೆಸರು ಬರೀ ದಾವಣಗೆರೆಯದೇ ಯಾಕೆ, ಹೊಳೆ ನಮ್ಮದಲ್ಲವೇ? ವಿಮಾನಕ್ಕೂ ಹೊಳೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನನಗಿಲ್ಲ. ನನ್ನ ಹೆಂಡತಿಯ ತವರು ಹರಿಹರ.

ಹುಟ್ಟದೆಯೇ ಈ ನಿಲ್ದಾಣ ಸಲ್ಲಿಸುತ್ತಿರುವ ಸೇವೆ ಕಡಿಮೆಯದೇ? ಸೈಟು ಮಾರುವವರಿಗೆ "ಏರ್‌ಪೋರ್ಟ್ ಪಕ್ಕ" ಎಂಬ ಮಾತು ಕೊಟ್ಟಿದೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಎರಡನೇ ದೋಸೆ ಬರುವವರೆಗೆ ಜಗಳವಾಡಲು ವಿಷಯ ಕೊಟ್ಟಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇಡವಾದ ಕೆಲಸ ಮುಂದೂಡಲು ಗಂಡಸರಿಗೆ ಘನವಾದ ನೆಪ ಕೊಟ್ಟಿದೆ.

ಈ ನೆಪದ ದೊಡ್ಡ ಫಲಾನುಭವಿ, ನನ್ನ ಪ್ಯಾಂಟು ಹೊಲಿಯುವ ಆವರಗೆರೆಯ ರಹಮತ್ ಸಾಬರು. ಅವರ ಹೆಂಡತಿ ಮೆಹಬೂಬಿಯವರಿಗೆ ಒಮ್ಮೆ ಮೆಕ್ಕಾ ನೋಡುವ ಆಸೆ. ಅನುಕೂಲವೂ ಇತ್ತು. ಆದರೆ ವಿಮಾನವೆಂದರೆ ಸಾಬರ ಕೈಕಾಲು ತಣ್ಣಗಾಗುತ್ತಿದ್ದವು, ಹೇಳಿಕೊಳ್ಳಲು ನಾಚಿಕೆ. "ನಮ್ಮೂರಾಗೇ ಏರ್‌ಪೋರ್ಟ್ ಬರ್ಲಿ, ಬಂದ ದಿನಾನೇ ಕರ್ಕೊಂಡ್ ಹೋಗ್ತೀನಿ" ಎಂದು ಮಾತು ಕೊಟ್ಟು ನೆಮ್ಮದಿಯಾಗಿ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಆಕೆಯ ಮೊಣಕಾಲುಗಳಿಗೆ ಮಾತ್ರ ಆ ನೆಮ್ಮದಿ ಇರಲಿಲ್ಲ. ನಮಾಜಿಗೆ ಕುರ್ಚಿ ಬೇಕಾಯಿತು. ಇನ್ನು ಸ್ವಲ್ಪ ತಡವಾದರೆ ಆಕೆ ಹೋಗುವುದೇ ಇಲ್ಲ ಎನಿಸಿ ನನಗೆ ಸಂಕಟವಾಗುತ್ತಿತ್ತು.

ಇತ್ತೀಚೆಗೆ ಬಸ್ಸಿನವರು ಆ ಕಲ್ಲು ನೆಟ್ಟ ಹೊಲದ ಎದುರಿನ ಸ್ಟಾಪಿಗೆ 'ಏರ್‌ಪೋರ್ಟ್' ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ಮೆಹಬೂಬಿಯವರು ಹದಡಿಯ ತಂಗಿ ಮನೆಯಿಂದ ಬರುವಾಗ ಕಂಡಕ್ಟರು, "ಯಾರ್ರೀ ಏರ್‌ಪೋರ್ಟ್? ಇಳೀರಿ ಇಳೀರಿ" ಎಂದು ಕೂಗಿದ್ದಾನೆ. ಅಷ್ಟು ಸಾಕಾಯಿತು. ಆಕೆ ನೇರ ಅಂಗಡಿಗೆ ಬಂದರು. ನಾನು ಪ್ಯಾಂಟಿನ ಅಳತೆ ಕೊಡುತ್ತಾ ನಿಂತಿದ್ದೆ. ನಾನು ಸಾಕ್ಷಿಯಾಗಲಿ ಎಂದೋ ಏನೋ, ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದರು: "ಏರ್‌ಪೋರ್ಟ್ ಬಂದೈತ್ರಿ. ನಡೀರಿ."

ಸಾಬರು ಟೇಪನ್ನು ನನ್ನ ಸೊಂಟದಲ್ಲೇ ಬಿಟ್ಟರು. "ಎಲ್ಲೈತೆ? ಅಲ್ಲಿ ಬರೀ ಮೆಕ್ಕೆಜೋಳ ಐತೆ."

"ಬಸ್ ನಿಲ್ತೈತೆ, ಜನ ಇಳೀತಾರೆ. ಇನ್ನೇನ್ ಬೇಕು?"

"ವಿಮಾನ ಬ್ಯಾಡೇನು?"

ಆಕೆ ಸ್ಟೂಲಿನ ಮೇಲೆ ನಿಧಾನಕ್ಕೆ ಕೂತು, ಮೊಣಕಾಲು ನೀವಿಕೊಂಡರು. ದನಿ ತಗ್ಗಿತು. "ನಿಮಗೆ ಹೆದ್ರಿಕೆ ಅಂತ ನನಗೆ ಗೊತ್ತಿಲ್ಲೇನ್ರಿ? ಯಾಕ ಸುಮ್ನೆ ಸರ್ಕಾರದ ಮೇಲೆ ಹಾಕ್ತೀರಿ? ನನ್ ಕೈ ಹಿಡ್ಕೊಂಡು ಕೂಡ್ರಿ, ಆತು."

ನಾನು ಸೊಂಟದ ಟೇಪು ಬಿಚ್ಚಿಟ್ಟು ಮೆಲ್ಲಗೆ ಹೊರಬಂದೆ.

ಕೊನೆಗೂ ಇಬ್ಬರೂ ಹೊರಟರು: ಬೆಂಗಳೂರಿನವರೆಗೆ ರೈಲು, ಅಲ್ಲಿಂದ ಆಕಾಶ. ವಿಮಾನ ಜೆದ್ದಾದಲ್ಲಿ ಇಳಿಯುವವರೆಗೆ ಸಾಬರು ಕಣ್ಣೂ ಬಿಡಲಿಲ್ಲವಂತೆ, ಕೈಯೂ ಬಿಡಲಿಲ್ಲವಂತೆ. ತಿರುಗಿ ಬಂದು ನನಗೂ ಖರ್ಜೂರ ಕೊಟ್ಟರು. ಇನ್ನು ಯಾರು ಏನೇ ಅಂದುಕೊಳ್ಳಲಿ, ದಾವಣಗೆರೆ ವಿಮಾನ ನಿಲ್ದಾಣದಿಂದ ಇಬ್ಬರು ಪ್ರಯಾಣಿಕರು ಹೋಗಿ ಬಂದಿದ್ದಾರೆ.