ಹೊಡೆಯದ ಹತ್ತು ಗುಂಡು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಚಹಾ ಮಾಡಲು ಹೋಗುತ್ತಿದ್ದವಳು. ಸಿಂಗಪುರದಲ್ಲಿ ನನ್ನ ಕೆಲಸವೇ ಕಾಂಕ್ರೀಟ್ ಪರೀಕ್ಷೆ. ಎಲ್ಲಿ ನೋಡಿದರೂ ಕಾಂಡೋ ಎಂಬ ಬಹುಮಹಡಿ ವಸತಿಗಳು ಏಳುತ್ತಿದ್ದ ಕಾಲ ಅದು. ದಿನಾ ಹತ್ತಾರು ಕಾಂಕ್ರೀಟ್ ಕ್ಯೂಬುಗಳನ್ನು ಮಷೀನಿಗೆ ಕೊಟ್ಟು, ಎಷ್ಟು ಭಾರಕ್ಕೆ ಒಡೆಯಿತೆಂದು ಬರೆಯುತ್ತಿದ್ದೆ. ಒಡೆದು ನೋಡದೆ ಏನನ್ನೂ ನಂಬಬಾರದು ಎನ್ನುವುದು ನನ್ನ ಧರ್ಮ. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನಾಗಿದ್ದರೂ ನಗುತ್ತಿದ್ದೆ.

ಶೂಟಿಂಗ್ ನನಗೆ ಗದಗಿನ ಕಾಲೇಜಿನಲ್ಲಿ, ಎನ್‌ಸಿಸಿಯಲ್ಲಿ ಹತ್ತಿದ ಹುಚ್ಚು. ಮದುವೆಯಾಗಿ ಸಿಂಗಪುರದ ಬೆಡೋಕ್‌ನ ಫ್ಲಾಟಿಗೆ ಬಂದರೂ ಬಿಡಲಿಲ್ಲ. ಅಲ್ಲಿ ಕ್ಲಬ್ ಸೇರಿ, ಕ್ಲಬ್ಬಿನ ತಂಡಕ್ಕೆ ಸೇರಲು ಎರಡು ವರ್ಷ ಟ್ರಯಲ್, ಅಂದರೆ ಆಯ್ಕೆಯ ಪಂದ್ಯ, ಕೊಟ್ಟು, ಎರಡು ಸಲವೂ ಒಂದೇ ಪಾಯಿಂಟಿನಲ್ಲಿ ಸೋತಿದ್ದೆ. "ಇದೊಂದ್ ಸಲ. ಸೋತ್ರ ಮತ್ತ ಬಂದೂಕು ಮುಟ್ಟಂಗಿಲ್ಲ" ಎಂದು ಗಂಡನಿಗೆ ಮಾತು ಕೊಟ್ಟು ಮೂರನೆಯ ಸಲ ಹೆಸರು ಬರೆಸಿದೆ. ಛಲ ಅಂದರೆ ಛಲ. ಊಟದ ಹೊತ್ತಿಗೂ ಅದೇ ಮಾತು.

ಬಂದೂಕುಗಳಿಗೂ ನಾಲಿಗೆ ಇರುತ್ತದೆ. ಒಂದಕ್ಕೆ ಒಗ್ಗಿದ ಗುಂಡು ಇನ್ನೊಂದಕ್ಕೆ ಒಗ್ಗುವುದಿಲ್ಲ. ಅದಕ್ಕೇ ಟ್ರಯಲ್‌ಗೆ ಒಂದು ವಾರ ಮುಂಚೆ, ಕೆಲಸ ಮುಗಿಸಿ ಸಂಜೆ ಹೋಗಿ, ಐದು ಬಗೆಯ ಗುಂಡು ಪರೀಕ್ಷಿಸಲು ಕೂತೆ. ಮೂರು ಬರೀ ಸೀಸದವು, ಎರಡು ಸೀಸದ ಮೈಗೆ ತಾಮ್ರ ಹೊದಿಸಿದವು. ಒಂದೊಂದು ಬಗೆಯವು ಹತ್ತು. ಐವತ್ತು ಮೀಟರ್ ಆಚೆ ಐದು ಕಾಗದ, ಅವುಗಳ ಮೇಲೆ ನನ್ನ ಕೈಯಿಂದಲೇ ಬರೆದ ನಂಬರ್. ಬಂದೂಕನ್ನು ಮರಳಿನ ಚೀಲದ ಮೇಲಿಟ್ಟು ಹೊಡೆಯುತ್ತಾ ಹೋದೆ. ಪಕ್ಕದಲ್ಲಿ ದುರ್ಬೀನಿಗೆ ಕಣ್ಣಿಟ್ಟು ಕೂತವರು ಬಾಗಲಕೋಟೆಯ ಮಹಾಂತೇಶ ಅಂಕಲ್. ಅವರೂ ಕ್ಲಬ್ಬಿನವರೇ, ನನಗಿಂತ ಹಳಬರು.

ಮೊದಲ ಮೂರು ಅಷ್ಟಕ್ಕಷ್ಟೆ. ನಾಲ್ಕನೆಯದು, ಅಂದರೆ ತಾಮ್ರ ಹೊದಿಸಿದ್ದರಲ್ಲಿ ಮೊದಲನೆಯದು, ಶುರುವಾದ ಮೇಲೆ ಅಂಕಲ್ ದುರ್ಬೀನಿನಿಂದ ಕಣ್ಣು ತೆಗೆಯಲೇ ಇಲ್ಲ. ಕೊನೆಗೆ, "ಏ ತಂಗಿ, ಒಂಬತ್ತು ಒಂದ ತೂತಿನ್ಯಾಗ ಹೋಗ್ಯಾವು! ಹತ್ತನೇದ್ಯಾಕ ಎಡಕ್ಕ ಜಾರ್ತು?" ಎಂದರು. ನನ್ನ ಉಸಿರು ತಪ್ಪಿರಬೇಕು ಎಂದೆ. ಹೆಗಲಿಗೆ ಬಿದ್ದ ಹತ್ತೂ ಒದೆತ ನನಗೆ ನೆನಪಿದೆ. ಆಮೇಲೆ ಐದನೆಯದನ್ನೂ ಮುಗಿಸಿದೆ.

ಆ ದೇಶದಲ್ಲಿ ಗುಂಡಿನ ವಿಷಯ ಬಲು ಬಿಗಿ. ತೋಟಾಗಳನ್ನು ಎಣಿಸಿ ಕೊಡುತ್ತಾರೆ, ಹೊಡೆದ ಮೇಲೆ ಖಾಲಿ ತೋಟಾಗಳನ್ನು ಎಣಿಸಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಒಂದು ಕಡಿಮೆಯಾದರೂ ಯಾರೂ ಮನೆಗೆ ಹೋಗುವಂತಿಲ್ಲ. ಎಣಿಸುವ ಕೆಲಸ ಕ್ಲಬ್ಬಿನ ಗುಂಡಿನ ಕೋಣೆ ನೋಡಿಕೊಳ್ಳುವ, ಅಲ್ಲಿಯವರಂತೆ ಮಾತಿನ ಕೊನೆಗೆ 'ಲಾ' ಸೇರಿಸುವ ಲಿಮ್ ಅಂಕಲ್‌ದು. ಅವರು ಎಣಿಸಿದರು, ಮತ್ತೆ ಎಣಿಸಿದರು. ಖಾಲಿ ತೋಟಾ ನಲವತ್ತೇ ಇದ್ದವು. ನಾಲ್ಕನೆಯ ಡಬ್ಬಿಯನ್ನು ನನ್ನ ಮುಂದೆ ನೂಕಿ, "ಮ್ಯಾಡಮ್, ನಂಬರ್ ಫೋರ್ ಯು ನೆವರ್ ಶೂಟ್ ಲಾ" ಎಂದರು. ಡಬ್ಬಿಯಲ್ಲಿ ಹತ್ತೂ ತೋಟಾ ಹೊಸದಾಗಿ ಹೊಳೆಯುತ್ತಿದ್ದವು.

ನಾನು ಕಾಗದ ಎತ್ತಿ ತೋರಿಸಿದೆ. ನಾಲ್ಕು ಎಂಬ ನನ್ನದೇ ಅಕ್ಷರ, ಅದರ ಕೆಳಗೆ ಒಂಬತ್ತು ಗುಂಡಿನ ಒಂದು ತೂತು, ಎಡಕ್ಕೆ ಕೆಳಗೆ, ಎಂಟು ಅಂಕದ ಗೆರೆಯೊಳಗೆ, ಇನ್ನೊಂದು. ಲಿಮ್ ಅಂಕಲ್ ಬಹಳ ಹೊತ್ತು ನೋಡಿದರು. "ಬುಲೆಟ್ ಕೌಂಟ್ ಕರೆಕ್ಟ್. ಪೇಪರ್ ನಾಟ್ ಮೈ ಪ್ರಾಬ್ಲಮ್ ಲಾ" ಎಂದು ಬೀಗ ಹಾಕಿಬಿಟ್ಟರು. ಮಹಾಂತೇಶ ಅಂಕಲ್ ಹಣೆಯ ವಿಭೂತಿ ಮುಟ್ಟಿಕೊಂಡು, "ನಾ ಕಣ್ಣಾರೆ ನೋಡೇನಿ, ಶಿವನಾಣೆ" ಎಂದರು. ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಭಯಕ್ಕಿಂತ ಸಿಟ್ಟು ಹೆಚ್ಚಾಯಿತು. ಒಡೆದು ನೋಡಿಯೇ ತೀರಬೇಕು ಎಂದುಕೊಂಡೆ. ಟ್ರಯಲ್‌ಗೆ ಅದೇ ನಾಲ್ಕನೆಯ ಬಗೆಯ ಗುಂಡು ತೆಗೆದುಕೊಂಡೆ. ಆ ಹತ್ತನ್ನು ಬೇರೆ ಇಡಿಸಿ, ಕೊನೆಯ ಸುತ್ತಿಗೆ ಬೇಕೆಂದು ಲಿಮ್ ಅಂಕಲ್‌ಗೆ ಹೇಳಿದೆ.

ಟ್ರಯಲ್ ದಿನ ಕೊನೆಯ ಸುತ್ತು ಬಂತು. ನನ್ನೊಡನೆ ಪೈಪೋಟಿಯಲ್ಲಿದ್ದ ಹುಡುಗಿ ಆಗಲೇ ಮುಗಿಸಿದ್ದಳು. ಅವಳ ಅಂಕ ಬೋರ್ಡಿನ ಮೇಲಿತ್ತು. ಬೇರೆ ಇಡಿಸಿದ್ದ ಆ ಹತ್ತರಲ್ಲಿ ಒಂಬತ್ತು ಗುಂಡು ಹೊಡೆದೆ, ಒಂಬತ್ತೂ ಒಂದೇ ತೂತಿನಲ್ಲಿ ಹೋದವು. ಉಳಿದದ್ದು ಒಂದು. ನಟ್ಟನಡುವೆ ಹತ್ತರ ಅಂಕ ಬಿದ್ದರೆ ಗೆಲುವು, ಒಂಬತ್ತು ಬಿದ್ದರೆ ಸಮ. ಎಂಟು ಬಿದ್ದರೆ ಮುಗಿಯಿತು.

ಅದು ಎಲ್ಲಿಗೆ ಹೋಗುತ್ತದೆಂದು ಕಾಗದ ಆಗಲೇ ಹೇಳಿತ್ತು. ಬಲಕ್ಕೆ, ಸ್ವಲ್ಪ ಮೇಲಕ್ಕೆ ಗುರಿ ಇಟ್ಟರೆ ನಡುವಿಗೆ ಬರುತ್ತದೇನೋ ಎಂದು ಮನಸ್ಸು ಹೊಯ್ದಾಡಿತು. ಆದರೆ ಒಂದು ಕಾಗದಕ್ಕೆ ಹೆದರಿ ಗುರಿ ಬದಲಿಸಿದರೆ ಇಷ್ಟು ವರ್ಷ ಕಲಿತದ್ದಕ್ಕೆ ಏನು ಅರ್ಥ? ಸಣ್ಣವಳಿದ್ದಾಗ ಅವ್ವ ಅಂಗೈಯಲ್ಲಿ ಲಿಂಗವಿಟ್ಟು, ರೆಪ್ಪೆ ಬಡಿಯದೆ ನೋಡುವುದನ್ನು ಕಲಿಸಿದ್ದಳು. ಹಾಗೇ ನೋಡಿದೆ. ಕೈ ಅಲುಗಲಿಲ್ಲ, ಉಸಿರು ತಪ್ಪಲಿಲ್ಲ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಹೊಡೆದಿಲ್ಲ.

ಎಂಟು ಬಂತು. ಎಡಕ್ಕೆ, ಕೆಳಗೆ.

ಮನೆಗೆ ಬಂದು ಆ ನಾಲ್ಕನೆಯ ಕಾಗದವನ್ನೂ ಟ್ರಯಲ್‌ನ ಕಾಗದವನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಒತ್ತಿ ಹಿಡಿದೆ. ಎರಡು ತೂತಿನಲ್ಲೂ ಬೆಳಕು ಆರಪಾರ ಬಂತು, ಅಂಚಿನ ಹರುಕು ಕೂಡ ಕೂದಲೆಳೆ ತಪ್ಪಿರಲಿಲ್ಲ. ಗಂಡ ಹಿಂದೆ ಬಂದು ನಿಂತು, "ಒಂದ ಕಾಗದಾನ ಎಷ್ಟೊತ್ತು ನೋಡ್ತಿ? ಬಾ, ಊಟ ಮಾಡು" ಎಂದ.

ಮಾತು ಮಾತೇ. ಮತ್ತೆ ಬಂದೂಕು ಮುಟ್ಟಲಿಲ್ಲ. ಇದಕ್ಕೇನು ಅರ್ಥವೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬಲಕ್ಕೆ ಗುರಿ ಇಟ್ಟಿದ್ದರೆ ಗೆಲ್ಲುತ್ತಿದ್ದೆನೋ, ಆಗಲೂ ಅದು ಅಲ್ಲಿಗೇ ಹೋಗುತ್ತಿತ್ತೋ, ಅದೂ ಗೊತ್ತಿಲ್ಲ. ಅದನ್ನು ಒಡೆದು ನೋಡಲು ಹನ್ನೊಂದನೆಯ ತೋಟಾ ಬೇಕು, ಅದನ್ನು ಯಾರೂ ಕೊಡುವುದಿಲ್ಲ. ಕೊಟ್ಟರೂ ನಾನು ಗುರಿ ಇಡುವುದು ನಡುವಿಗೇ.