ಸನ್ನೆಯಲ್ಲಿ ನನ್ನ ಹೆಸರು

ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಮೂಡಲಗಿಯ ಒಂದು ಅಂಗಡಿಯಲ್ಲಿ ಬಡಿಗತನ ಮಾಡುತ್ತಾನೆ. ಹೋದ ಬೇಸಿಗೆಯಲ್ಲಿ ಘಟಪ್ರಭಾದ ಶಾಲೆಯೊಂದರಲ್ಲಿ ಅಂಗವಿಕಲರ ವಸತಿ ಶಿಬಿರ ನಡೆದಾಗ ಅವನ ಜೊತೆ ನಾನೂ ಹೋಗಿ ಉಳಿದೆ. ಅವನ ಮನಸ್ಸು ತಿಳಿಯುವುದು ಅಕ್ಕನಾದ ನನಗೊಬ್ಬಳಿಗೇ ಎಂದು ಮನೆಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಹೋದ ದಿನವೇ ನನಗೆ ಕೆಲಸವಿಲ್ಲದಂತಾಯಿತು. ಕಿವಿ ಕೇಳದ ಏಳೆಂಟು ಮಂದಿ ಬೇವಿನ ಮರದ ಕೆಳಗೆ ಕೂತಿದ್ದರು. ಅವರ ಬೆರಳುಗಳ ಓಟ ನನ್ನ ತಲೆಗೆ ಒಂದಿಷ್ಟೂ ಹತ್ತಲಿಲ್ಲ. ಅವರ ನಡುವೆ ನನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮನೆಯಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಬಾ, ಉಣ್ಣು, ಮಲಗು, ಬೇಡ, ಅಷ್ಟೇ.

ಸನ್ನೆ ಭಾಷೆ ಕಲಿಸಲು ಹುಕ್ಕೇರಿಯಿಂದ ಬಂದಿದ್ದ ಟೀಚರ್ ಹೇಳಿದರು: "ಇವರೆಲ್ಲಾ ರವಿವಾರಕ್ಕೊಮ್ಮೆ ಗೋಕಾಕ ಬಸ್‌ಸ್ಟ್ಯಾಂಡಿನ್ಯಾಗ ಕೂಡ್ತಾರ್ರಿ. ನಿಮಗ ಗೊತ್ತೈತಲ್ರಿ?"

ರವಿವಾರ ತಮ್ಮ ಸಿನಿಮಾಕ್ಕೆ ಹೋಗುತ್ತಾನೆಂದು ಮನೆಯಲ್ಲಿ ತಿಳಿದಿದ್ದೆವು. ಗೊತ್ತು ಎಂದು ಸುಳ್ಳು ಹೇಳಿದೆ.

ಮರದ ಕೆಳಗಿನ ಗುಂಪಿನವರು ಎಲ್ಲರಿಗೂ ಸನ್ನೆಯ ಹೆಸರಿಟ್ಟಿದ್ದರು. ಮೀಸೆ ತಿರುವಿದರೆ ಅಡುಗೆಯ ಕಾಕಾ. ಕನ್ನಡಕ ಮೇಲೇರಿಸಿದರೆ ಟೀಚರ್.

"ನನ್ನ ಹೆಸರೇನ್ರಿ?" ಎಂದೆ.

ಟೀಚರ್ ಕೈಯಾಡಿಸಿ ಕೇಳಿದರು. ನನ್ನ ತಮ್ಮ ತಲೆ ತಗ್ಗಿಸಿದ. ಪಕ್ಕದಲ್ಲಿದ್ದ ಕೌಜಲಗಿಯ ಹುಡುಗಿ ತಡೆಯಲಾರದೆ ತನ್ನ ತೋಳಿನ ಬಟ್ಟೆಯನ್ನು ಹಿಡಿದು ಜಗ್ಗಿ ತೋರಿಸಿದಳು.

"ಹಂಗಂದ್ರ?"

ಟೀಚರ್ ತಡವರಿಸಿದರು. "ನಾಕ್ ಮಂದ್ಯಾಗ ನಿಮ್ಮ ತಮ್ಮನ ಬಾಯಿಂದ ಸಪ್ಪಳ ಬಂದ್ರ ನೀವು ಅಂಗಿ ಜಗ್ಗತೀರಂತ್ರಿ. ಸುಮ್ನಿರು ಅಂತ."

ಬಸ್ಸಿನಲ್ಲಿ ಜಗ್ಗಿದ್ದೆ, ಮದುವೆಮನೆಗಳಲ್ಲಿ ಜಗ್ಗಿದ್ದೆ. ಅವ್ವನನ್ನು ಮಣ್ಣು ಮಾಡಿದ ದಿನ ಅವನು ಬಾಯಿಬಿಟ್ಟು ಅತ್ತಾಗಲೂ, ಮಂದಿ ತಿರುಗಿ ನೋಡುತ್ತಾರೆಂದು ಜಗ್ಗಿದ್ದೆ. ಮರದ ಕೆಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಬ್ಯಾರೆ ಹೆಸರು ಇಡಾಕ ಹೇಳ್ರಿ."

ತಮ್ಮ ನನ್ನನ್ನು ನೋಡುತ್ತಲೇ ಕೈಯಾಡಿಸಿ ಉತ್ತರ ಕೊಟ್ಟ.

"ಇಟ್ಟ ಹೆಸರು ಬದ್ಲಿ ಮಾಡಾಕ ಬರೂದಿಲ್ಲಂತ್ರಿ," ಎಂದರು ಟೀಚರ್. "ಆದ್ರ ಸಿಟ್ಟಿಲ್ಲಂತ."

ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ, ಮಕ್ಕಳ ಜೊತೆ ಬಂದಿದ್ದ ತಾಯಂದಿರ ಸಾಲಿನಲ್ಲಿ ನಾನೂ ಸನ್ನೆ ಕಲಿಯಲು ಕೂತೆ. ಬೆರಳು ಮಡಚುವುದು ತಪ್ಪುತ್ತಲೇ ಇತ್ತು. ತಮ್ಮ ಎದ್ದು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಒರಟಾದ ಅಂಗೈಯಲ್ಲಿ ನನ್ನ ಕೈ ಹಿಡಿದು, ಒಂದೊಂದೇ ಬೆರಳನ್ನು ಸರಿಯಾಗಿ ಮಡಚಿದ. ನಾನು ಬೆರಳುಗಳನ್ನೇ ನೋಡುತ್ತಿದ್ದೆ. ತಲೆಯೆತ್ತಿ ಅವನನ್ನು ನೋಡಲಾಗಲಿಲ್ಲ.